ಅರ್ಥಶಾಸ್ತ್ರವೆಂಬ ‘ಇತರೆ’

ಕಳೆದ ವರ್ಷದ ಜೂನ್ ತಿಂಗಳಲ್ಲಿ ಉಪನಗರದ ಸಂಘವೊಂದರ ವಿದ್ಯಾರ್ಥಿವೇತನ ಸಮಿತಿಯಲ್ಲಿ ಕುಳಿತುಕೊಳ್ಳುವ ಪ್ರಸಂಗ ನನಗೆ ಒದಗಿತು. ಸಂಘದ ಹೆಸರು ಇಲ್ಲಿ ಅಪ್ರಸ್ತುತ. ಅಲ್ಲಿ ನಡೆದದ್ದು ಈ ಮಹಾನಗರದ ಯಾವ ಕನ್ನಡ ಸಂಘದಲ್ಲಿಯೂ ನಡೆಯಬಹುದಾದುದೇ. ಅರ್ಜಿಯ ನಮೂನೆಯಲ್ಲಿ ವ್ಯಾಸಂಗದ ವಿಷಯವನ್ನು ಗುರುತಿಸಲು ಐದು ಚೌಕಗಳಿದ್ದವು: ವೈದ್ಯಕೀಯ, ಇಂಜಿನಿಯರಿಂಗ್, ಸಿ.ಎ., ಮ್ಯಾನೇಜ್‌ಮೆಂಟ್, ಇತರೆ. ಬಂದ ಅರ್ಜಿಗಳ ಕಂತೆಯಲ್ಲಿ ಒಂದೇ ಒಂದು ‘ಇತರೆ’ಯ ಚೌಕದಲ್ಲಿ ಗುರುತು ಹೊತ್ತಿತ್ತು. ಪಕ್ಕದಲ್ಲಿ ನೀಲಿ ಶಾಯಿಯಲ್ಲಿ, ಚೌಕದ ಹೊರಗೆ ಇಳಿಯುವಂತೆ, ‘ಬಿ.ಎ., ಅರ್ಥಶಾಸ್ತ್ರ’ ಎಂದು ಬರೆದಿತ್ತು. ಹುಡುಗಿಯ ತಂದೆ ಯಾದಗಿರಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರು. ಅವಳು ಓದಿದ್ದು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ.

ಸಮಿತಿಯ ಹಿರಿಯರೊಬ್ಬರು, ಸಜ್ಜನರು, ಅರ್ಜಿಯನ್ನು ಬದಿಗೆ ಸರಿಸುತ್ತ, “ಬಿ.ಎ. ಓದುವುದಕ್ಕೆ ದುಡ್ಡು ಯಾಕೆ ಮಾರಾಯ್ರೇ? ಅದನ್ನು ಮನೆಯಲ್ಲಿ ಕೂತು ಓದಿದರೂ ಆಗುತ್ತದೆ” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅರ್ಥಶಾಸ್ತ್ರದಲ್ಲಿಯೇ ಬಿ.ಎ.ಯನ್ನೂ ಎಂ.ಎ.ಯನ್ನೂ ಮಾಡಿ, ಅದರ ಬಲದಿಂದಲೇ ಕೇಂದ್ರ ಸರಕಾರದ ತೆರಿಗೆ ಇಲಾಖೆಯೊಂದರಲ್ಲಿ ಮೂರು ದಶಕಗಳಿಂದ ಅನ್ನ ಉಣ್ಣುತ್ತಿರುವ ನಾನು ನಕ್ಕೆ. ಆ ನಗೆಯ ಪ್ರಾಯಶ್ಚಿತ್ತಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಅರ್ಜಿಯ ಕೊನೆಯಲ್ಲಿ ‘ಈ ವಿಷಯವನ್ನು ಆರಿಸಿಕೊಂಡ ಕಾರಣ’ ಎಂಬ ಒಂದು ಸಾಲು ಇತ್ತು. ಅದನ್ನು ಅಂದು ಯಾರೂ ಓದಲಿಲ್ಲ. ಮನೆಗೆ ಕೊಂಡುಹೋದ ಪ್ರತಿಗಳಲ್ಲಿ ರಾತ್ರಿ ನಾನು ಓದಿದೆ. ಅವಳು ತನ್ನ ಮಾತಿನಲ್ಲೇ ಬರೆದಿದ್ದಳು: “ನಮ್ಮಪ್ಪ ಕಟ್ಟಿದ ಬಿಲ್ಡಿಂಗಿನ್ಯಾಗ ಒಂದು ಮನಿ ಎರಡು ಕೋಟಿಗೆ ಹೋಗ್ತದ. ಅಪ್ಪಗ ಸಿಗೋದು ದಿನದ ಕೂಲಿ ಅಷ್ಟ. ನಡುವಿನ ರೊಕ್ಕ ಎಲ್ಲಿ ಹೋಗ್ತದ ಅಂತ ತಿಳಕೋಬೇಕಾಗ್ಯದ.” ವೈದ್ಯಕೀಯ, ಇಂಜಿನಿಯರಿಂಗ್, ಸಿ.ಎ. ಓದುವ ಮಕ್ಕಳೆಲ್ಲರೂ ಆ ಸಾಲಿನಲ್ಲಿ ‘ಉಜ್ವಲ ಭವಿಷ್ಯಕ್ಕಾಗಿ’ ಎಂದು ಬರೆದಿದ್ದರು. ಪ್ರಶ್ನೆಯೊಂದನ್ನು ಇಟ್ಟುಕೊಂಡು ಕಾಲೇಜಿಗೆ ಹೋದವಳು ಇವಳೊಬ್ಬಳೇ.

ಈಗ ವಿಷಯಕ್ಕೆ ಬರುತ್ತೇನೆ. ಹಣದ ವ್ಯವಹಾರದಲ್ಲಿ ನಾವು ಮುಂಬಯಿ ಕನ್ನಡಿಗರು ದಡ್ಡರಲ್ಲ. ನಮ್ಮಲ್ಲಿ ಬಹುಪಾಲು ಜನರ ಮೂಲವಾದ ಕರಾವಳಿಯ ಆ ಸಣ್ಣ ಜಿಲ್ಲೆ ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ ಐದು ದೊಡ್ಡ ಬ್ಯಾಂಕುಗಳನ್ನು ಹೆತ್ತಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕನ್ನೂ ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕಾದ ಸಂಸ್ಥೆಯನ್ನೂ ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಬ್ಯಾಂಕು, 1931ರಲ್ಲಿ ಎ.ಬಿ. ಶೆಟ್ಟರ ನೇತೃತ್ವದಲ್ಲಿ ವಿಜಯಾ ಬ್ಯಾಂಕು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿ ಎಂಬುದು, ಮನೆಬಾಗಿಲಿಗೆ ಬಂದು ಎರಡಾಣೆ ಎತ್ತುವ ಆ ಪದ್ಧತಿ, ಬಡವನ ಉಳಿತಾಯದ ಬಗ್ಗೆ ಯಾವ ಪಠ್ಯಪುಸ್ತಕವೂ ಹೇಳಿಕೊಡದ ಒಂದು ಪಾಠವಾಗಿತ್ತು. ಈ ನಗರದಲ್ಲಿ ನಮ್ಮವರೇ ಕಟ್ಟಿದ ಸಹಕಾರಿ ಬ್ಯಾಂಕುಗಳಿವೆ. ಉಡುಪಿ ಹೋಟೆಲುಗಳ ಮಾತನ್ನಂತೂ ಹೇಳಬೇಕಾಗಿಯೇ ಇಲ್ಲ.

ಇಂಥ ಸಮುದಾಯಕ್ಕೆ ತನ್ನ ಆರ್ಥಿಕ ಬದುಕನ್ನು ಕುರಿತು ಒಂದು ನೆಟ್ಟಗಿನ ಮಾತು ಆಡಲು ಬರುವುದಿಲ್ಲ ಎಂಬುದೇ ನನ್ನ ದೂರು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದಲ್ಲಿ ಕರಗಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿಯೂ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿಹೋದವು. ಆಗ ನಮ್ಮ ಸಭೆಗಳಲ್ಲಿ ಕಣ್ಣೀರು ಹರಿಯಿತು, ‘ನಮ್ಮ ಅಸ್ಮಿತೆ’ ಎಂಬ ಮಾತು ನೂರು ಸಲ ಕೇಳಿಸಿತು. ಆದರೆ ಕರಾವಳಿಯಲ್ಲಿ ಸಂಗ್ರಹವಾದ ಠೇವಣಿಯಲ್ಲಿ ಎಷ್ಟು ಪಾಲು ಕರಾವಳಿಯಲ್ಲಿಯೇ ಸಾಲವಾಗಿ ಹರಿಯುತ್ತಿತ್ತು, ಉಳಿದದ್ದು ಎಲ್ಲಿಗೆ ಹೋಗುತ್ತಿತ್ತು, ವಿಲೀನದಿಂದ ಆ ಹರಿವು ಬದಲಾಗುವುದೇ ಎಂಬ ಪ್ರಶ್ನೆಯನ್ನು ನಾನು ಹೋದ ಯಾವ ಸಭೆಯಲ್ಲಿಯೂ ಯಾರೂ ಎತ್ತಲಿಲ್ಲ. ಎತ್ತಬಲ್ಲವರು ಇರಲಿಲ್ಲ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ಸಾಲುಸಾಲಾಗಿ ಕುಳಿತಿದ್ದರು. ಸಾಲ–ಠೇವಣಿಯ ಅನುಪಾತವೆಂದರೇನೆಂದು ಅವರಿಗೆ ತಿಳಿಯದೆ ಇಲ್ಲ. ಆದರೆ ಅದನ್ನು ಬ್ರಾಂಚಿನ ಟಾರ್ಗೆಟ್ಟಾಗಿ ಅವರು ಅರಿತಿದ್ದರೇ ಹೊರತು ಊರಿನ ಹಣೆಬರಹವಾಗಿ ಅಲ್ಲ. ಲೆಕ್ಕ ಇಡುವುದಕ್ಕೂ ಅರ್ಥಶಾಸ್ತ್ರ ಓದುವುದಕ್ಕೂ ಇರುವ ಅಂತರ ಇದೇ. ‘ಬಿ.ಕಾಂ. ಮಾಡಿದರೆ ಅರ್ಥಶಾಸ್ತ್ರವೂ ಬಂದಂತೆಯೇ’ ಎನ್ನುವ ಪಾಲಕರಿಗೆ ಈ ಅಂತರ ಹೊಳೆಯುವುದಿಲ್ಲ.

ನನ್ನ ಓದಿನ ಕಥೆಯನ್ನು ಸ್ವಲ್ಪ ಹೇಳಲೇಬೇಕು, ಆತ್ಮಪ್ರಶಂಸೆಗಾಗಿ ಅಲ್ಲ. ನಾನು ಓದಿದ ರೀತಿಯಲ್ಲಿಯೇ ಈ ರೋಗದ ಇನ್ನೊಂದು ಮುಖ ಇದೆ.

ನನ್ನ ತಂದೆ ಕಾರ್ಕಳ ತಾಲೂಕಿನವರು. ಫೋರ್ಟಿನ ಹೋಟೆಲೊಂದರ ಗಲ್ಲೆಯಲ್ಲಿ ಕೂರುತ್ತಿದ್ದರು. ನಾನು ನಗರಪಾಲಿಕೆಯ ಕನ್ನಡ ಶಾಲೆ, ಆಮೇಲೆ ಕನ್ನಡ ರಾತ್ರಿಶಾಲೆ. ಹಗಲು ಅದೇ ಹೋಟೆಲಿನಲ್ಲಿ ಕೆಲಸ. 1988ರಲ್ಲಿ ಬೆಳಗಿನ ತರಗತಿಗಳ ಕಾಲೇಜೊಂದರಲ್ಲಿ ಎಫ್.ವೈ.ಬಿ.ಎ.ಗೆ ಸೇರಿದೆ. ದುಡಿಯುವವರೂ ಓದಲೆಂದು ಬೆಳಗಿನ ಹೊತ್ತು ಪಾಠ ನಡೆಸುವ ಸಂಪ್ರದಾಯಕ್ಕೆ ಈ ನಗರದಲ್ಲಿ ಬುನಾದಿ ಹಾಕಿದವರಲ್ಲಿ ಅಂಬೇಡ್ಕರರು ಪ್ರಮುಖರು. 1946ರಲ್ಲಿ ಅವರು ಸ್ಥಾಪಿಸಿದ ಸಿದ್ಧಾರ್ಥ ಕಾಲೇಜಿನ ವೇಳಾಪಟ್ಟಿಯೇ ಗುಮಾಸ್ತನ ವೇಳಾಪಟ್ಟಿಯಾಗಿತ್ತು. ಅವರು ಸ್ವತಃ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರದಲ್ಲಿ ಬಿ.ಎ. ಪದವಿ ಪಡೆದವರು (1912), 1918ರಿಂದ ಎರಡು ವರ್ಷ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅದೇ ಶಾಸ್ತ್ರವನ್ನು ಕಲಿಸಿದವರು, ರೂಪಾಯಿಯ ಸಮಸ್ಯೆಯನ್ನು ಕುರಿತು ಲಂಡನ್ನಿನಲ್ಲಿ ಪ್ರೌಢಪ್ರಬಂಧ ಬರೆದವರು. ನಾವು ಅವರನ್ನು ಸಂವಿಧಾನಶಿಲ್ಪಿಯೆಂದು ಮಾತ್ರ ನೆನೆಯುತ್ತೇವೆ.

ನನ್ನ ಕಾಲೇಜಿನಲ್ಲಿ ಪಾಠ ಇಂಗ್ಲಿಷಿನಲ್ಲಿ. ನನಗೆ ಅರ್ಥವಾಗುತ್ತಿದ್ದುದು ಕಾಲುಭಾಗ. ಉಳಿದ ಮುಕ್ಕಾಲು ಭಾಗಕ್ಕೆ ಗೈಡು. ಸಾಲುಸಾಲು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಇಳಿಸಿ, ಹೊರಬರುವಾಗ ಎಲ್ಲವನ್ನೂ ಮೆಟ್ಟಿಲ ಮೇಲೆ ಬಿಟ್ಟು ಬರುತ್ತಿದ್ದೆವು. ರಿಕಾರ್ಡೋನ ‘ರೆಂಟ್’ ಸಿದ್ಧಾಂತವನ್ನು ನಾನು ಹೀಗೆಯೇ ಕಲಿತು ಹದಿನೈದಕ್ಕೆ ಹನ್ನೊಂದು ಅಂಕ ಪಡೆದೆ. ಆ ‘ರೆಂಟ್’ ಎಂಬುದು ನಮ್ಮ ‘ಗೇಣಿ’ಯೇ ಎಂದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ, ಎಂ.ಎ.ಗೆ ಓದುವಾಗ, ಕನ್ನಡ ಪಠ್ಯಪುಸ್ತಕವೊಂದನ್ನು ಯಾರದೋ ಮನೆಯ ಕಪಾಟಿನಲ್ಲಿ ಕಂಡಾಗ.

ಗೇಣಿಯೆಂದರೇನೆಂದು ನನ್ನ ಅಜ್ಜನಿಗೆ ರಿಕಾರ್ಡೋ ಹೇಳಿಕೊಡಬೇಕಾಗಿರಲಿಲ್ಲ. ಅಜ್ಜ ಚಾಲಗೇಣಿಯ ಒಕ್ಕಲು. ಮೂಲಗೇಣಿಯವನ ಗೇಣಿ ಶಾಶ್ವತ, ಏರುವಂತಿಲ್ಲ. ಚಾಲಗೇಣಿಯವನದು ಧನಿಗಳ ಮರ್ಜಿ. ಬೈಲುಗದ್ದೆಗೆ ಇಷ್ಟು ಮುಡಿ ಅಕ್ಕಿ, ಬೆಟ್ಟುಗದ್ದೆಗೆ ಅದಕ್ಕಿಂತ ಕಡಮೆ. ನೆಲದ ಫಲವತ್ತತೆಯ ವ್ಯತ್ಯಾಸದಿಂದ ಗೇಣಿ ಹುಟ್ಟುತ್ತದೆ ಎಂದು 1817ರಲ್ಲಿ ಆ ಇಂಗ್ಲಿಷ್ ಪಂಡಿತ ಬರೆದುದೂ, ಒಳ್ಳೆಯ ಗದ್ದೆಯ ಹೆಚ್ಚುವರಿಯೆಲ್ಲವೂ ಧನಿಗಳ ಕಣಜಕ್ಕೆ ಹೋಗುತ್ತದೆ ಎಂದು ಅಜ್ಜ ಗೊಣಗುತ್ತಿದ್ದುದೂ ಒಂದೇ ಮಾತು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಅಜ್ಜ ಭೂನ್ಯಾಯ ಮಂಡಳಿಗೆ ಡಿಕ್ಲರೇಷನ್ ಸಲ್ಲಿಸಿದ ಕಥೆ ನಮ್ಮ ಮನೆಯ ಮಹಾಭಾರತ. ಆ ಮನೆಯ ಹುಡುಗ, ಆ ಕಥೆಯನ್ನು ತಲೆಯಲ್ಲಿ ಹೊತ್ತುಕೊಂಡೇ, ‘ರೆಂಟ್’ ಎಂಬ ಪದವನ್ನು ಪರದೇಶದ ಪ್ರಾಣಿಯೊಂದರ ಹೆಸರಿನಂತೆ ಬಾಯಿಪಾಠ ಮಾಡಿದ! ಇದು ನನ್ನೊಬ್ಬನ ಮಂಕುತನವಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಪಕ್ಕದ ಬೆಂಚಿನ ಕುಂದಾಪುರದವನೂ ಹಾಗೆಯೇ ಮಾಡಿದ. ರತ್ನಾಗಿರಿಯ ಖೋತಿ ಹಳ್ಳಿಯಿಂದ ಬಂದ ಮರಾಠಿ ಹುಡುಗನೂ ಹಾಗೆಯೇ ಮಾಡಿದ.

ಹೋಟೆಲಿನ ವಿಚಾರವನ್ನೇ ತೆಗೆದುಕೊಳ್ಳಿ. ‘ಬಾಡಿಗೆ ಏರಿತು, ಅದಕ್ಕೇ ಊಟದ ದರ ಏರಿತು’ ಎಂದು ನಮ್ಮ ಹೋಟೆಲು ಧನಿಗಳು ಗಿರಾಕಿಗಳಿಗೆ ಹೇಳುತ್ತಿದ್ದರು. ಈ ಮಾತು ಸುಳ್ಳೆಂಬುದಕ್ಕೆ ಸಾಕ್ಷಿ ಅವರ ಹೋಟೆಲೇ ಆಗಿತ್ತು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯು (ಅದರ ಪೂರ್ಣ ಹೆಸರಿನಲ್ಲಿಯೇ ‘ಹೋಟೆಲ್’ ಎಂಬ ಪದವಿತ್ತು) ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ ತಿಂಗಳ ಮಟ್ಟಕ್ಕೆ ಕಟ್ಟಿಹಾಕಿತ್ತು. ಪಗಡಿಯ ಜಾಗದಲ್ಲಿದ್ದ ನಮ್ಮ ಹೋಟೆಲು ತಿಂಗಳಿಗೆ ಕೊಡುತ್ತಿದ್ದ ಬಾಡಿಗೆ ಒಂದು ದಿನದ ಚಹಾ ವ್ಯಾಪಾರಕ್ಕೂ ಸಮನಲ್ಲ. ಎದುರಿನ ಹೊಸ ಕಟ್ಟಡದ ಹೋಟೆಲು ಅದರ ಹತ್ತಾರು ಪಾಲು ಕೊಡುತ್ತಿತ್ತು. ಆದರೂ ಎರಡು ಕಡೆಯೂ ಊಟದ ದರ ಒಂದೇ! ಏಕೆಂದರೆ ದರವನ್ನು ನಿರ್ಧರಿಸುತ್ತಿದ್ದುದು ಫೋರ್ಟಿನ ಆಫೀಸುಗಳಿಂದ ಮಧ್ಯಾಹ್ನ ಇಳಿದು ಬರುವ ಸಾವಿರಾರು ಹಸಿದ ಹೊಟ್ಟೆಗಳು. ಗೇಣಿಯಿಂದ ಧಾನ್ಯದ ಬೆಲೆ ಏರುವುದಿಲ್ಲ, ಧಾನ್ಯದ ಬೆಲೆ ಏರುವುದರಿಂದ ಗೇಣಿ ಏರುತ್ತದೆ ಎಂದು ರಿಕಾರ್ಡೋ ಹೇಳಿದ್ದು ಇದನ್ನೇ. ಮನೆಯೊಡೆಯನಿಗೆ ಕಾನೂನು ನಿರಾಕರಿಸಿದ ಆ ಗೇಣಿ ಮಾಯವಾಗಲಿಲ್ಲ; ಹಳೆಯ ಬಾಡಿಗೆದಾರನ ಕೈಯಲ್ಲಿ ಪಗಡಿಯ ಮೊತ್ತವಾಗಿ ಕುಳಿತಿತು. ಮನೆಯೊಡೆಯ ರಿಪೇರಿ ನಿಲ್ಲಿಸಿದ, ಗಿರಗಾಂವ್, ಕಾಲಬಾದೇವಿಯ ಚಾಳುಗಳು ಶಿಥಿಲವಾದವು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ಪಗಡಿಯನ್ನು ಕಾನೂನುಬದ್ಧಗೊಳಿಸಿ ಇದ್ದದ್ದನ್ನು ಇದೆ ಎಂದು ಒಪ್ಪಿಕೊಂಡಿತು, ಅಷ್ಟೆ. ಯಾದಗಿರಿಯ ಆ ಹುಡುಗಿಯ ಪ್ರಶ್ನೆಗೆ, ಅಂದರೆ ಕೂಲಿಗೂ ಎರಡು ಕೋಟಿಗೂ ನಡುವಿನ ಹಣ ಎಲ್ಲಿ ಹೋಗುತ್ತದೆ ಎಂಬುದಕ್ಕೆ, ಉತ್ತರದ ದೊಡ್ಡ ಪಾಲು ಈ ಅಧ್ಯಾಯದಲ್ಲಿಯೇ ಇದೆ: ಅದು ಇಟ್ಟಿಗೆಗೂ ಗಾರೆಗೂ ಹೋಗುವುದಿಲ್ಲ, ನೆಲಕ್ಕೆ ಹೋಗುತ್ತದೆ. ಅವಳಿಗೆ ಇದನ್ನು ಯಾರಾದರೂ ಹೀಗೆ ಹೇಳುತ್ತಾರೆಯೆ? ಅವಳ ಗೈಡಿನಲ್ಲಿ ಇರುವುದು ನನ್ನ ಗೈಡಿನಲ್ಲಿದ್ದ ಅದೇ ಮೂರು ರೇಖಾಚಿತ್ರಗಳು.

ಕಟಿಂಗ್ ಚಹಾದ ಮಾತನ್ನೂ ಹೇಳಿಬಿಡುತ್ತೇನೆ. ಸಕ್ಕರೆಯ, ಹಾಲಿನ ಬೆಲೆ ಏರಿದಾಗ ನಮ್ಮ ಧನಿಗಳು ಚಹಾದ ದರವನ್ನು ಮುಟ್ಟುತ್ತಿರಲಿಲ್ಲ, ಲೋಟವನ್ನು ಬದಲಾಯಿಸುತ್ತಿದ್ದರು. ಗಿರಾಕಿ ನಾಲ್ಕಾಣೆಯನ್ನು ಗಮನಿಸುತ್ತಾನೆ, ನಾಲ್ಕು ಗುಟುಕನ್ನು ಗಮನಿಸುವುದಿಲ್ಲ ಎಂಬುದು ಅವರ ಶಾಸ್ತ್ರ. ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ಇದಕ್ಕಿಂತ ಚೆನ್ನಾಗಿ ಯಾರು ವಿವರಿಸಿಯಾರು? ತಮಾಷೆಯೆಂದರೆ, 1890ರಲ್ಲಿ ಮಾರ್ಷಲ್ ಮಹಾಶಯ ‘ಅನುಭೋಗಿಯ ಹೆಚ್ಚಳ’ದ ತತ್ತ್ವವನ್ನು ವಿವರಿಸಲು ಎತ್ತಿಕೊಂಡ ಉದಾಹರಣೆಯೂ ಚಹಾವೇ. ತನ್ನ ನೆರೆಹೊರೆಯವರು ದಿನವೂ ಕುಡಿಯುವ ವಸ್ತುವಿನಿಂದ ಅವನು ಶಾಸ್ತ್ರವನ್ನು ಹೊರಡಿಸಿದ. ದಿನಕ್ಕೆ ಮುನ್ನೂರು ಲೋಟ ಚಹಾ ಹೊತ್ತು ತಿರುಗುತ್ತಿದ್ದ ನಾನು ಅದನ್ನು ‘ಕಮಾಡಿಟಿ ಎಕ್ಸ್’ ಎಂದು ಬರೆದೆ.

ಇಲ್ಲಿ ಒಂದು ಮಾತು. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಎಲ್ಲವೂ ತಿಳಿಯಾಗುತ್ತದೆಂಬ ಭ್ರಮೆ ನನಗಿಲ್ಲ. ಕರ್ನಾಟಕದ ಪದವಿ ತರಗತಿಗಳಲ್ಲಿ ಬಳಕೆಯಲ್ಲಿರುವ ‘ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ’ವೆಂಬುದು ಹುಡುಗನಿಗೆ ಇಂಗ್ಲಿಷಿನಷ್ಟೇ ದೂರದ್ದು. ‘ಸ್ಥಿತಿಸ್ಥಾಪಕತ್ವ’ ಎಂದು ಉಚ್ಚರಿಸಲು ನಾಲಗೆಗೇ ಆ ಗುಣ ಬೇಕು. ‘ಗೇಣಿ’ಯೆಂಬ ಪದ ಗೆದ್ದದ್ದು ಅದು ಗದ್ದೆಯಿಂದ ಎದ್ದು ಬಂದದ್ದರಿಂದ. ಉಳಿದ ಪದಗಳನ್ನು ಪಂಡಿತರು ನಿಘಂಟಿನಿಂದ ಇಳಿಸಿದರು. ಆದುದರಿಂದ ನಾನು ಕೇಳುತ್ತಿರುವುದು ಪದಗಳ ಅನುವಾದವನ್ನಲ್ಲ, ‘ಕೊನೆಯ ಲೋಟದ ಚಹಾ ಮೊದಲ ಲೋಟದಷ್ಟು ರುಚಿಸದು’ ಎಂದು ಹೇಳಿ, ಆಮೇಲೆ ಬೇಕಾದರೆ ಅದಕ್ಕೆ ಇಂಗ್ಲಿಷಿನಲ್ಲಿ ಹೀಗೆನ್ನುತ್ತಾರೆ ಎಂದು ಕಲಿಸುವ ಕ್ರಮವನ್ನು.

1991ರ ಏಪ್ರಿಲಿನಲ್ಲಿ ನಾನು ಟಿ.ವೈ.ಬಿ.ಎ. ಪರೀಕ್ಷೆ ಬರೆದೆ. ಅಪಮೌಲ್ಯವನ್ನು ಕುರಿತ ಪ್ರಶ್ನೆಗೆ 1966ರ ಜೂನ್ 6ರ ಕಥೆಯನ್ನು, ಡಾಲರಿಗೆ 4.76 ಇದ್ದ ರೂಪಾಯಿ 7.50 ಆದುದನ್ನು, ಗೈಡಿನಲ್ಲಿದ್ದಂತೆ ಇಳಿಸಿದೆ. ಅದೇ ಜುಲೈ 1 ಮತ್ತು 3ರಂದು ರೂಪಾಯಿಯನ್ನು ಎರಡು ಬಾರಿ ಇಳಿಸಲಾಯಿತು. ಸುಮಾರು 21 ರೂಪಾಯಿ ಇದ್ದ ಡಾಲರು 26ರ ಹತ್ತಿರಕ್ಕೆ ಬಂತು. ಅದೇ ತಿಂಗಳು ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ನು ಚಿನ್ನ ಈ ನಗರದಿಂದಲೇ ವಿಮಾನವೇರಿ ಲಂಡನ್ನಿಗೆ ಒತ್ತೆಯಾಗಿ ಹೋಯಿತು. ಅದರಿಂದ ದೊರೆತದ್ದು 40 ಕೋಟಿ ಡಾಲರಿಗೆ ತುಸು ಹೆಚ್ಚು. ನಮ್ಮ ಹೋಟೆಲು ಇದ್ದುದು ರಿಸರ್ವ್ ಬ್ಯಾಂಕಿನಿಂದ ಹತ್ತು ನಿಮಿಷದ ದಾರಿ. ಪತ್ರಿಕೆಯಲ್ಲಿ ಸುದ್ದಿ ಬಂದ ದಿನ ತಂದೆ, “ಮಗಾ, ನೀನು ಇದನ್ನೇ ಅಲ್ಲವಾ ಓದಿದ್ದು? ದೇಶ ಚಿನ್ನ ಅಡವಿಡುವಷ್ಟು ಏನಾಯಿತು? ಸ್ವಲ್ಪ ಹೇಳು” ಎಂದು ಕೇಳಿದರು. ಊರಿನಲ್ಲಿ ತಂಗಿಯ ಮದುವೆಗೆ ಅಮ್ಮನ ಕರಿಮಣಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಡವಿಟ್ಟಿದ್ದ ಮನುಷ್ಯ ಅವರು. ಪ್ರಶ್ನೆಯ ಅರ್ಧ ಅವರಿಗೆ ತಿಳಿದೇ ಇತ್ತು. ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾಗಿದ್ದ ನಾನು ಬಾಯಿ ತೆರೆದೆ. ಪಾವತಿ ಶಿಲ್ಕನ್ನು ನನ್ನ ತಂದೆಯ ಭಾಷೆಯಲ್ಲಿ ವಿವರಿಸಲು ನನ್ನ ಬಳಿ ಒಂದು ವಾಕ್ಯವೂ ಇರಲಿಲ್ಲ. “ಅದು ಸ್ವಲ್ಪ ಕಷ್ಟದ್ದು ಅಪ್ಪಾ” ಎಂದೆ. ಅವರು ಮತ್ತೆ ಕೇಳಲಿಲ್ಲ. ಎಂ.ಎ. ಮಾಡುವ ಹಟ ನನಗೆ ಹುಟ್ಟಿದ್ದು ಆ ಸಂಜೆ.

ಇಷ್ಟಾದರೂ ಇದು ನಮಗೆ ಪರಕೀಯ ಶಾಸ್ತ್ರವಲ್ಲ. ಕಲೀನಾದಲ್ಲಿರುವ ಮುಂಬಯಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ವಿಭಾಗಕ್ಕೆ ದೀರ್ಘ ಇತಿಹಾಸವಿದೆ. ಅದರ ಕೀರ್ತಿಗೆ ಕಾರಣರಾದವರಲ್ಲಿ ಒಬ್ಬರು ಕನ್ನಡಿಗರಾದ ಪಿ.ಆರ್. ಬ್ರಹ್ಮಾನಂದ. 1956ರಲ್ಲಿ ಮಹಲನೋಬಿಸರ ಭಾರೀ ಉದ್ಯಮಗಳ ಯೋಜನೆಗೆ ಇಡೀ ದೇಶ ತಲೆದೂಗುತ್ತಿದ್ದಾಗ, ಗುರು ಸಿ.ಎನ್. ವಕೀಲರೊಂದಿಗೆ ಅವರು ಎದುರುಮಾತು ಆಡಿದರು. ಕೂಲಿಕಾರನಿಗೆ ಬೇಕಾದ ಅಕ್ಕಿ, ಬಟ್ಟೆಗಳಂಥ ಸರಕುಗಳ ಕೊರತೆಯೇ ಉದ್ಯೋಗ ಬೆಳೆಯದಿರುವುದಕ್ಕೆ ಕಾರಣ, ಮೊದಲು ಅದನ್ನು ನೀಗಿರಿ ಎಂದರು. ಒಪ್ಪುವುದು ಬಿಡುವುದು ಬೇರೆ. ಅದು ಕೂಲಿಕಾರನ ಕಡೆಯಿಂದ ನೋಡಿದ ಅರ್ಥಶಾಸ್ತ್ರ. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಓದಿ ಕೇಂಬ್ರಿಜ್ಜಿಗೆ ಹೋಗಿ ಬಂದ ವಿ.ಕೆ.ಆರ್.ವಿ. ರಾವ್ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸನ್ನು ಕಟ್ಟಿದರು, ಬಳ್ಳಾರಿಯಿಂದ ಲೋಕಸಭೆಗೆ ಹೋದರು, 1972ರಲ್ಲಿ ಬೆಂಗಳೂರಿನ ಐಸೆಕ್ ಸಂಸ್ಥೆಯನ್ನು ಸ್ಥಾಪಿಸಿದರು. ನಮ್ಮ ಸಭಾಂಗಣಗಳ ಗೋಡೆಗಳ ಮೇಲೆ ಕವಿಗಳ ಪಟಗಳಿವೆ, ಇರಲೇಬೇಕು. ದಾನಿಗಳ ಪಟಗಳಿವೆ, ಇರಲಿ. ಬ್ರಹ್ಮಾನಂದರ ಪಟವನ್ನು ನಾನು ಒಂದು ಕಡೆಯೂ ಕಂಡಿಲ್ಲ.

‘ಬಿ.ಎ. ಮಾಡಿದರೆ ಕೆಲಸ ಸಿಕ್ಕುವುದಿಲ್ಲ’ ಎಂಬ ವಾದಕ್ಕೆ ಬರೋಣ. ಇದು ಪೂರ್ತಿ ಸುಳ್ಳಲ್ಲ. ಗೈಡಿನಿಂದ ಪಾಸಾದ ಬಿ.ಎ.ಗೆ ಕೆಲಸ ಸಿಕ್ಕುವುದಿಲ್ಲ. ಗೈಡಿನಿಂದ ಪಾಸಾದ ಇಂಜಿನಿಯರಿಗೂ ಈಚೆಗೆ ಸಿಕ್ಕುತ್ತಿಲ್ಲ. ಆದರೆ ಈ ವಾದ ಮಾಡುವವರು ಗಮನಿಸದ ಸಂಗತಿಯೊಂದಿದೆ. ಇದೇ ಮುಂಬಯಿಯಲ್ಲಿ ಇಂದು ಒಂದು ಅರ್ಥಶಾಸ್ತ್ರ ಎರಡು ಜಾತಿಗಳಾಗಿ ಒಡೆದಿದೆ. ಪೊವಾಯಿಯ ಐ.ಐ.ಟಿ.ಯಲ್ಲಿ ಜೆ.ಇ.ಇ. ದಾಟಿ ಬಂದ ಹುಡುಗರು ಅರ್ಥಶಾಸ್ತ್ರದಲ್ಲಿ ಪದವಿ ಪಡೆಯುತ್ತಾರೆ. ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ಲಕ್ಷಗಟ್ಟಲೆ ಶುಲ್ಕ ತೆತ್ತು ‘ಬಿ.ಎಸ್ಸಿ. ಎಕನಾಮಿಕ್ಸ್’ ಓದುತ್ತಾರೆ. ಅಲ್ಲಿ ಗಣಿತವಿದೆ, ಸಂಖ್ಯಾಶಾಸ್ತ್ರವಿದೆ, ಕಂಪ್ಯೂಟರಿನಲ್ಲಿ ಅಂಕಿಅಂಶ ಅರೆಯುವ ಅಭ್ಯಾಸವಿದೆ. ಆ ಪಾಲಕರಾರೂ ಇದನ್ನು ‘ಇತರೆ’ ಎಂದು ಬರೆಯುವುದಿಲ್ಲ. ಆರ್ಟ್ಸ್ ಕಾಲೇಜಿನ ಬಿ.ಎ. ಅರ್ಥಶಾಸ್ತ್ರವಾದರೋ ಬೇರೆಲ್ಲಿಯೂ ಸೀಟು ಸಿಕ್ಕದವರ ಧರ್ಮಛತ್ರವಾಗಿದೆ. ಹತ್ತನೆಯ ತರಗತಿಯ ನಂತರ ಗಣಿತ ಬಿಟ್ಟವರೇ ಅಲ್ಲಿ ಹೆಚ್ಚು. ಆದ್ದರಿಂದ ಮೇಲಿನ ಒಳ್ಳೆಯ ಎಂ.ಎ. ತರಗತಿಗಳ ಪ್ರವೇಶಪರೀಕ್ಷೆಯಲ್ಲಿಯೇ ಅವರು ಜಾರುತ್ತಾರೆ. ಇದನ್ನು ಬುದ್ಧಿಯ ಭೇದವೆಂದು ನಾನು ಒಪ್ಪುವುದಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ‘ಗಣಿತ ಬಿಡಬೇಡ, ಮಗಳೇ’ ಎಂದು ಹೇಳುವವರೊಬ್ಬರು ಮನೆಯಲ್ಲಿ ಇದ್ದರೋ ಇಲ್ಲವೋ ಎಂಬ ಭೇದ ಅದು. ಕೂಲಿಯ ಮನೆಯಲ್ಲಿ ಯಾರು ಹೇಳಬೇಕು? ಹೇಳಬೇಕಾದದ್ದು ಸಂಘ.

ತೆರಿಗೆಯ ಉದಾಹರಣೆಯೊಂದನ್ನು ಕೊಡುವ ಮೊದಲು, ಇದು ಇಲಾಖೆಯ ಮಾತಲ್ಲ, ನನ್ನ ಸ್ವಂತದ್ದೆಂದು ಸ್ಪಷ್ಟಪಡಿಸುತ್ತೇನೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಸಾಧಾರಣ ಹೋಟೆಲುಗಳಿಗೆ ಶೇ. 12, ಏ.ಸಿ. ಹೋಟೆಲುಗಳಿಗೆ ಶೇ. 18 ಇತ್ತು, ಕೊಂಡ ಸರಕಿನ ಮೇಲೆ ತೆತ್ತ ತೆರಿಗೆಯನ್ನು ಮುರಿದುಕೊಳ್ಳಬಹುದಾಗಿತ್ತು. ನವೆಂಬರ್ 15ರಿಂದ ಶೇ. 5 ಆಯಿತು, ಮುರಿದುಕೊಳ್ಳುವ ಸೌಲಭ್ಯ ಹೋಯಿತು. ಪರಿಚಯದ ಹೋಟೆಲು ಮಾಲಕರೊಬ್ಬರು, “ಸರಕಾರ ತೆರಿಗೆ ಇಳಿಸಿದೆ ಅಂತ ಗಿರಾಕಿ ಜಗಳಕ್ಕೆ ಬರುತ್ತಾನೆ, ನನಗೆ ಉಳಿಯುವುದೇನು?” ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ತೆರಿಗೆಯನ್ನು ಕಟ್ಟುವವನು ಒಬ್ಬ, ಹೊರುವವನು ಇನ್ನೊಬ್ಬ. ಯಾರು ಎಷ್ಟು ಹೊರುತ್ತಾರೆಂಬುದನ್ನು ನಿರ್ಧರಿಸುವುದು ಕಾಯಿದೆಯಲ್ಲ, ಯಾರಿಗೆ ಪಕ್ಕಕ್ಕೆ ಸರಿಯಲು ಹೆಚ್ಚು ದಾರಿಗಳಿವೆ ಎಂಬುದು. ಇದು ಮೂರನೆಯ ವರ್ಷದ ಸಾರ್ವಜನಿಕ ಹಣಕಾಸಿನ ಪತ್ರಿಕೆಯ ಸಾಮಾನ್ಯ ಪಾಠ. ಅವರ ಮಗ ಸಿ.ಎ. ರಿಟರ್ನ್ ತುಂಬುವುದನ್ನು ಚೆನ್ನಾಗಿ ಬಲ್ಲ. ಆದರೆ ಮಾಲಕರ ಸಂಘಟನೆ ಸರಕಾರಕ್ಕೆ ಸಲ್ಲಿಸುವ ಮನವಿಯಲ್ಲಿ ಈ ವಾದವನ್ನು ಹೂಡಬಲ್ಲವರು ಬೇಕೆಂದರೆ ಅವರು ಬೇರೆಯವರನ್ನು ದುಡ್ಡು ಕೊಟ್ಟು ಕರೆಯಬೇಕು.

ಇನ್ನು ಭಾಷೆಯ ಪ್ರಶ್ನೆ. ಇಲ್ಲಿ ನಾನು ಹೇಳುವ ಮಾತು ಈ ಪತ್ರಿಕೆಯ ಬಹಳ ಮಂದಿ ಓದುಗರಿಗೆ ರುಚಿಸಲಾರದು. 2023ರ ಏಪ್ರಿಲಿನಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು, ಪಾಠ ಇಂಗ್ಲಿಷಿನಲ್ಲಿ ನಡೆದರೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ವಿದ್ಯಾರ್ಥಿಗಳಿಗೆ ಅವಕಾಶ ಕೊಡಿರೆಂದು ವಿಶ್ವವಿದ್ಯಾನಿಲಯಗಳನ್ನು ಕೋರಿತು. 2024ರಲ್ಲಿ ‘ಅಸ್ಮಿತಾ’ ಎಂಬ ಹೆಸರಿನಲ್ಲಿ ಐದು ವರ್ಷಗಳಲ್ಲಿ ಭಾರತೀಯ ಭಾಷೆಗಳಲ್ಲಿ 22,000 ಪುಸ್ತಕಗಳನ್ನು ತರುವ ಯೋಜನೆ ಘೋಷಣೆಯಾಯಿತು. ಕೂಡಲೇ ನಮ್ಮ ಕೆಲವು ಮಿತ್ರರು, ಮುಂಬಯಿಯಲ್ಲಿ ಕನ್ನಡದಲ್ಲಿಯೇ ಪದವಿಪರೀಕ್ಷೆ ಬರೆಯುವ ಹಕ್ಕಿಗಾಗಿ ಠರಾವು ಮಂಡಿಸಿದರು. ಕಲೀನಾದಲ್ಲಿ 1978ರಿಂದ ಕನ್ನಡ ವಿಭಾಗವಿದೆ, ನಿಜ. ಆದರೆ ಕನ್ನಡದಲ್ಲಿ ಬರೆದ ಅರ್ಥಶಾಸ್ತ್ರದ ಉತ್ತರಪತ್ರಿಕೆಯನ್ನು ಇಲ್ಲಿ ತಿದ್ದುವವರು ಯಾರು? ಸ್ಥಳೀಯ ಭಾಷೆಯೆಂದರೆ ಇಲ್ಲಿ ಮರಾಠಿ. ಬಿ.ಎ. ಪರೀಕ್ಷೆಯನ್ನು ಮರಾಠಿಯಲ್ಲಿ ಬರೆಯುವ ದಾರಿ ಈ ವಿಶ್ವವಿದ್ಯಾನಿಲಯದಲ್ಲಿ ತೆರೆದೇ ಇದೆ, ಮರಾಠಿಯಲ್ಲಿ ಅರ್ಥಶಾಸ್ತ್ರದ ಪುಸ್ತಕಗಳೂ ಇವೆ. ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಕಲಿತು ಚಾಳಿನಲ್ಲಿ ಬೆಳೆದ ಮಗುವಿಗೆ ಇಂಗ್ಲಿಷಿಗಿಂತ ಮರಾಠಿ ಎಷ್ಟೋ ಹತ್ತಿರ. ಆ ಮಗು ಬೇಕಾದರೆ ಮರಾಠಿಯಲ್ಲಿ ಪರೀಕ್ಷೆ ಬರೆಯಲಿ ಎನ್ನುತ್ತೇನೆ. ಗಡಿವಿವಾದದ ನೆಪದಲ್ಲಿ ಹುಬ್ಬೇರಿಸುವವರು ಒಮ್ಮೆ ಯೋಚಿಸಬೇಕು: ಇಂಗ್ಲಿಷಿನ ಬಾಯಿಪಾಠದಲ್ಲಿ ಕನ್ನಡ ಉಳಿದಿದೆಯೆ? ಪರೀಕ್ಷೆ ಯಾವ ಭಾಷೆಯಲ್ಲಿಯಾದರೂ ಇರಲಿ, ತಿಳಿಯುವುದು ಮಾತ್ರ ತಾಯಿನುಡಿಯಲ್ಲಿ ಆಗಬೇಕು. ಆ ತಿಳಿವನ್ನು ಒದಗಿಸುವ ಕೆಲಸ ವಿಶ್ವವಿದ್ಯಾನಿಲಯದ್ದಲ್ಲ. ಅದು ನಮ್ಮದು.

ನಮ್ಮಿಂದ ಆಗದ್ದೇನೂ ಅಲ್ಲ. ಹೋಟೆಲು ಹುಡುಗರಿಗಾಗಿ ರಾತ್ರಿಶಾಲೆಗಳನ್ನು ಕಟ್ಟಿದ ಹಿರಿಯರ ಬಳಿ ನಮ್ಮ ಈಗಿನ ನಿಧಿಗಳ ಹತ್ತರಲ್ಲೊಂದು ಪಾಲೂ ಇರಲಿಲ್ಲ. ಭಾನುವಾರ ಎರಡು ತಾಸು ಸಭಾಂಗಣದ ಬಾಗಿಲು ತೆರೆದರೆ, ನಿವೃತ್ತ ಬ್ಯಾಂಕ್ ಅಧಿಕಾರಿಗಳಲ್ಲಿ ನಾಲ್ವರು, ಪ್ರಾಧ್ಯಾಪಕರಲ್ಲಿ ಇಬ್ಬರು, ನನ್ನಂಥ ಸರಕಾರಿ ನೌಕರ ಒಬ್ಬ ಸಿಕ್ಕಿದರೆ, ಪದವಿಯ ಮೊದಲ ವರ್ಷದ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳಬಹುದು. ಹನ್ನೊಂದನೆಯ ತರಗತಿಯವರಿಗೆ ಬಿಟ್ಟ ಗಣಿತವನ್ನು ಹಿಡಿಸಬಹುದು. ಒಂದು ವಾರ್ಷಿಕೋತ್ಸವದ ಶಾಲು, ಫಲತಾಂಬೂಲ, ನೆನಪಿನ ಕಾಣಿಕೆಗಳ ಖರ್ಚು ಇದಕ್ಕೆ ಮೂರು ವರ್ಷ ಸಾಕು. (ಕಳೆದ ಜನವರಿಯಲ್ಲಿ ನನಗೂ ಒಂದು ಶಾಲು ಹೊದಿಸಿದ್ದಾರೆ. ಅದರ ಸೀಮಾಂತ ತುಷ್ಟಿಗುಣ ಸೊನ್ನೆ; ಮನೆಯಲ್ಲಿ ಮೊದಲೇ ಏಳು ಇವೆ.)

ನನ್ನ ಮಗನ ವಿಷಯವನ್ನು ಮುಚ್ಚಿಟ್ಟರೆ ಈ ಲೇಖನ ಅಪ್ರಾಮಾಣಿಕವಾಗುತ್ತದೆ. ಅವನು ಇಂಜಿನಿಯರು. ಹನ್ನೆರಡನೆಯ ತರಗತಿಯಲ್ಲಿ ‘ಎಕನಾಮಿಕ್ಸ್ ಓದಲೇ ಅಪ್ಪಾ?’ ಎಂದು ಅವನು ಕೇಳಿದಾಗ, “ಮೊದಲು ಇಂಜಿನಿಯರಿಂಗ್ ಮುಗಿಸು, ಆಮೇಲೆ ನೋಡೋಣ” ಎಂದವನು ನಾನೇ. ಆಮೇಲೆ ನೋಡಲಿಲ್ಲ. ಸಮಿತಿಯ ಆ ಹಿರಿಯರ ಮೇಲೆ ಕೋಪಿಸಿಕೊಳ್ಳಲು ನನಗಿರುವ ಅಧಿಕಾರ ಇಷ್ಟೇ.

ಆ ಹುಡುಗಿಗೆ ಕೊನೆಗೆ ಐದು ಸಾವಿರ ರೂಪಾಯಿ ಮಂಜೂರಾಯಿತು. ಇಂಜಿನಿಯರಿಂಗಿನವರಿಗೆ ಕೊಟ್ಟದ್ದು ಇಪ್ಪತ್ತು. ಈಗ ಅವಳು ಎರಡನೆಯ ವರ್ಷದಲ್ಲಿದ್ದಾಳೆ. ತಿಂಗಳಿಗೊಮ್ಮೆ ಭಾನುವಾರ ನಮ್ಮ ಮನೆಗೆ ಬಂದು, “ಸರ್, ಇದು ಗೈಡಿನ್ಯಾಗ ಇಲ್ಲರೀ” ಎಂದು ಪುಸ್ತಕ ಬಿಚ್ಚುತ್ತಾಳೆ. ಈ ವರ್ಷದ ಅರ್ಜಿ ನಮೂನೆಯಲ್ಲಿ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಚೌಕವೊಂದನ್ನು ಸೇರಿಸಬೇಕೆಂದು ನಾನು ಸಮಿತಿಗೆ ಲಿಖಿತವಾಗಿ ಕೇಳಿಕೊಂಡಿದ್ದೆ. ಹಳೆಯ ನಮೂನೆಗಳು ಇನ್ನೂ ಐನೂರು ಉಳಿದಿವೆ, ಅವು ಮೊದಲು ಮುಗಿಯಲಿ ಎಂದು ಉತ್ತರ ಬಂದಿದೆ.